ಬಾರ್ಬಡೋಸ್‌ಗೆ ಹೊರಟವರ ಗಮನಕ್ಕೆ

ಪ್ಯಾಕಿಂಗ್ ಮುಗಿಸುವ ಮುಂಚೆ ಇದನ್ನೊಮ್ಮೆ ಓದಿಕೊಳ್ಳಿ. ಸೈನಿಕರ ಸಮವಸ್ತ್ರದಂಥ ಚಿತ್ತಾರವಿರುವ ಬಟ್ಟೆ, ಟೋಪಿ, ಬ್ಯಾಗ್ ತರಲೇಬೇಡಿ. ಅಲ್ಲಿ ಮಕ್ಕಳು ಹಾಕಿಕೊಂಡರೂ ಅಪರಾಧ.

ಈಜಲು ಪಶ್ಚಿಮ, ದಕ್ಷಿಣದ ಬೀಚ್‌ಗಳು ಸರಿ. ಪೂರ್ವದ ಬಾತ್‌ಶೀಬಾ ನೋಡಲಿಕ್ಕಷ್ಟೇ, ಅಟ್ಲಾಂಟಿಕ್ ಸೆಳೆತ ಬಲು ಜೋರು. ಬೀಚ್‌ನಲ್ಲಿ ಕಾಂಡಕ್ಕೆ ಕೆಂಪು ಪಟ್ಟೆ ಬಳಿದ ಮರ ಕಂಡರೆ ದೂರವಿರಿ. ಅದು ಮಾಂಚಿನೀಲ್. ಪುಟ್ಟ ಹಸಿರು ಸೇಬಿನಂಥ ಅದರ ಹಣ್ಣು ವಿಷ. ಮಳೆಯಲ್ಲಿ ಅದರಡಿ ನಿಂತರೆ ಎಲೆಯ ಹಾಲು ಬೆರೆತು ತೊಟ್ಟಿಕ್ಕುವ ನೀರಿಗೇ ಮೈಮೇಲೆ ಬೊಬ್ಬೆ ಏಳುತ್ತದೆ. ಪಟ್ಟೆ ಎಲ್ಲ ಮರಕ್ಕೂ ಇರುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಡಿ.

1 ಅಮೆರಿಕನ್ ಡಾಲರ್‌ಗೆ 2 ಬಾರ್ಬಡೋಸ್ ಡಾಲರ್. ಎರಡಕ್ಕೂ ‘ಡಾಲರ್’ ಅಂತಲೇ ಹೇಳುತ್ತಾರೆ. ಯಾವುದೆಂದು ಕೇಳಿಯೇ ಕೊಡಿ. ನೀಲಿ ಸರ್ಕಾರಿ ಬಸ್ಸಿಗೆ ಸರಿಯಾದ ಚಿಲ್ಲರೆ ಬೇಕು.

ಶುಕ್ರವಾರ ರಾತ್ರಿ ಮೀನುಗಾರರ ಊರಾದ ಆಯ್‌ಸ್ಟಿನ್ಸ್‌ನಲ್ಲಿ ಸುಟ್ಟ ಮೀನು. ಕೂಕೂ ಅಂದರೆ ಬೆಂಡೆಕಾಯಿ ಹಾಕಿ ತಿರುವಿದ ಮೆಕ್ಕೆಜೋಳದ ಮುದ್ದೆ, ಜೊತೆಗೆ ಹಾರುವ ಮೀನಿನ ಸಾರು. ಸಸ್ಯಾಹಾರಿಗಳಿಗೆ ಆಲೂಗಡ್ಡೆ ರೋಟಿ, ಮ್ಯಾಕರೋನಿ ಪೈ, ನಮ್ಮ ಕರಾವಳಿಯವರ ಜೀಗುಜ್ಜೆ (ಬ್ರೆಡ್‌ಫ್ರೂಟ್).

ಕರಕುಶಲ ವಸ್ತುಗಳಿಗೆ ಬ್ರಿಜ್‌ಟೌನ್‌ನ ಪೆಲಿಕನ್ ಕ್ರಾಫ್ಟ್ ಸೆಂಟರ್. ಸಾಸಿವೆ ಹಾಕಿದ ಹಳದಿ ಮೆಣಸಿನ ಸಾಸ್ ಕೊಂಡರೆ ಚೆಕ್‌-ಇನ್ ಲಗೇಜಿಗೇ ಹಾಕಿ. ಕೈಚೀಲದಲ್ಲಿಟ್ಟರೆ ಸೆಕ್ಯೂರಿಟಿಯಲ್ಲಿ ಹೋಯಿತು ಅಂದುಕೊಳ್ಳಿ.