ಅರ್ಧ ಮೀನಿನ ಲೆಕ್ಕ

ಬಸವನಗುಡಿ, ಬೆಂಗಳೂರು

ಪ್ರಿಯ ಗೆಳೆಯ,

ಊರು ತಲುಪಿದ ಕೂಡಲೇ ನಿನಗೊಬ್ಬನಿಗೇ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ತಿಂಗಳು ಕಳೆದ ಮೇಲೆ, ಅದೂ ಎಲ್ಲರೆದುರು ಬರೆಯುತ್ತಿದ್ದೇನೆ. ಏಕೆಂಬುದು ಮುಂದೆ ತಿಳಿಯುತ್ತದೆ.

ನಿನ್ನ ಬಳಿಯಿಂದ ತಂದ ಮೀನಿನ ಪಳೆಯುಳಿಕೆಯ ಕಲ್ಲು ಕ್ಷೇಮವಾಗಿದೆ. ಹಾಲಿನ ಷೋಕೇಸಿನಲ್ಲಿ, ಅಮ್ಮನ ಪಟ್ಟದ ಗೊಂಬೆಗಳ ಪಕ್ಕದಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ. ನಿಜ ಹೇಳಬೇಕೆಂದರೆ, ಅದು ಕಾಣುವ ಕುರ್ಚಿಯಲ್ಲೇ ನಾನು ಅವರನ್ನು ಕೂರಿಸುತ್ತೇನೆ. ಆಮೇಲೆ ಕಥೆ ಶುರುವಾಗುತ್ತದೆ. ಬೆಂಗಳೂರಿನವರಿಗೆ ಕ್ವಾರಿ ಎಂದರೆ ಸಿಡಿಮದ್ದಿನ ಸದ್ದು, ಜಲ್ಲಿ ಲಾರಿ, ಹೊಂಡದಲ್ಲಿ ನಿಂತ ಹಸಿರು ನೀರು. ಸ್ಕಾಟ್ಲೆಂಡಿನ ಉತ್ತರದಂಚಿನ ಕೇಥ್‌ನೆಸ್‌ನಲ್ಲಿರುವ ಅಖನಾರಸ್ ಕ್ವಾರಿ ಯಾರೋ ಹೆಂಚು ಒಡೆದು ಸುರಿದುಹೋದ ಬಯಲಿನಂತಿತ್ತು ಎಂದರೆ ಯಾರೂ ನಂಬುವುದಿಲ್ಲ. ಛಾವಣಿಗೆ ಹೊದಿಸುವ ಚಪ್ಪಡಿಗಾಗಿಯೇ ಅಗೆದ ಜಾಗವಾದ್ದರಿಂದ ನನ್ನ ಹೋಲಿಕೆ ತೀರಾ ತಪ್ಪಲ್ಲ. ಇದೇ ಕ್ವಾರಿಯಲ್ಲಿ ಸಿಕ್ಕು 1890ರಲ್ಲಿ ಹೆಸರು ಪಡೆದ, ಪೇಲಿಯೋಸ್ಪಾಂಡೈಲಸ್ ಎಂಬ ಬೆರಳುದ್ದದ ಪಳೆಯುಳಿಕೆ ಜೀವಿ ಯಾವ ಕುಲಕ್ಕೆ ಸೇರಿದ್ದೆಂದು ವಿದ್ವಾಂಸರು ನೂರು ವರ್ಷಕ್ಕೂ ಮೀರಿ ಜಗಳವಾಡಿದರೆಂದು ನೀನು ಹೇಳಿದಾಗ ನಾನು ಕೂತಲ್ಲೇ ಬಿದ್ದು ನಕ್ಕದ್ದನ್ನು ಮಾತ್ರ ಅವರಿಗೆ ಹೇಳಿಲ್ಲ.

ಮೀನುಗಳು ಸತ್ತ ಬಗೆಯನ್ನು ಮಾತ್ರ ವಿಸ್ತಾರವಾಗಿ ಹೇಳುತ್ತೇನೆ. 38 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ, ಆ ನೆಲವಿನ್ನೂ ಭೂಮಧ್ಯರೇಖೆಯ ದಕ್ಷಿಣಕ್ಕಿದ್ದಾಗ, ಅಲ್ಲಿ ಆರ್ಕೇಡಿ ಎಂಬ ಭಾರಿ ಸರೋವರವಿತ್ತು. ಪಾಚಿ ವಿಪರೀತ ಬೆಳೆದು ಕೊಳೆತಾಗಲೆಲ್ಲ ನೀರಿನ ಆಮ್ಲಜನಕ ತೀರಿ ಮೀನುಗಳು ಹಿಂಡುಹಿಂಡಾಗಿ ಸತ್ತಿರಬೇಕೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಹೆಣಗಳು ಆಳಕ್ಕಿಳಿದು, ಕೊಳೆ ತಿನ್ನುವ ಹುಳವೂ ಬದುಕಲಾರದ ಕೆಸರಿನಲ್ಲಿ ಹುರುಪೆ ಸಮೇತ ಉಳಿದುಕೊಂಡವು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ದಡದಲ್ಲಿ, ಸತ್ತು ತೇಲಿದ ಮೀನುಗಳೆದುರು ಮೂಗು ಮುಚ್ಚಿಕೊಂಡು ನಿಂತವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಸಾಗುತ್ತಿದ್ದ ಪ್ರವಚನವನ್ನು ಹೋದ ಭಾನುವಾರ ಪಕ್ಕದ ಮನೆಯ ಹುಡುಗಿ ನಿಲ್ಲಿಸಿದಳು. ಆರನೆಯ ತರಗತಿ. ಕಲ್ಲನ್ನು ಕೈಗೆತ್ತಿಕೊಂಡು, ಸೀಳಿದ ಮೈಯನ್ನು ಬೆರಳಿನಿಂದ ಸವರಿ, "ಅಂಕಲ್, ಇದರ ಇನ್ನೊಂದು ಅರ್ಧ ಎಲ್ಲಿ?" ಎಂದಳು.

"ಒಡೆದುಹೋಯಿತು" ಎಂದೆ.

ಹಾಗೆನ್ನಲು ನನಗೆ ಅರೆಕ್ಷಣವೂ ಹಿಡಿಯಲಿಲ್ಲವೆಂಬುದು ರಾತ್ರಿಯೆಲ್ಲ ಕೊರೆಯಿತು. ಇನ್ನೊಂದು ಅರ್ಧ ನಿನ್ನ ಮೇಜಿನ ಮೇಲಿದೆ. ಅದಿರಲಿ, ಈ ಕಲ್ಲನ್ನು ಸೀಳಿದವನೇ ನೀನು. ಹಳೆಯ ಕೆಲಸಗಾರರು ಎಸೆದುಹೋದ ರಾಶಿಯ ಮೇಲೆ ಕೂತು ಮೂರು ಗಂಟೆ ಕಾಲ ಸುತ್ತಿಗೆಯನ್ನು ಈಡುಗಾಯಿ ಒಡೆಯುವವನಂತೆ ಬೀಸಿದ ನನಗೆ ದಕ್ಕಿದ್ದು ನಾಲ್ಕು ಹುರುಪೆ, ಒಂದು ಜಜ್ಜಿದ ಹೆಬ್ಬೆರಳು. ನೀನಾದರೋ ಚಪ್ಪಡಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಪದರದ ಗೆರೆಗೆ ಚಾಣದ ಮೊನೆಯಿಟ್ಟು, ಸುತ್ತಲೂ ಮೆಲ್ಲಗೆ ತಟ್ಟುತ್ತ, ಟಣ್ ಎನ್ನುತ್ತಿದ್ದ ಸದ್ದು ಟೊಪ್ ಎಂದು ಬದಲಾದೊಡನೆ ಕೈ ತಡೆದು, ಕಲ್ಲನ್ನು ಬೆರಳುಗಳಿಂದಲೇ ತೆರೆದೆ. ಒಳಗೆ ಗೇಣುದ್ದದ ಕಪ್ಪು ಡಿಪ್ಟೆರಸ್, ಬೆನ್ನಿನ ಎರಡು ರೆಕ್ಕೆಗಳೂ ಬಾಲದ ಕಡೆಗೆ ಸರಿದಿರುವ ಆ ಶ್ವಾಸಕೋಶದ ಮೀನು. ಕಲ್ಲಿನ ಜೊತೆ ಅದೂ ಇಬ್ಭಾಗವಾಗಿತ್ತು. ಒಂದು ಹೋಳಿನಲ್ಲಿ ತಲೆಯ ಫಲಕಗಳೂ ಹೊಳೆಯುವ ಹುರುಪೆಗಳೂ ಉಳಿದಿದ್ದವು, ಇನ್ನೊಂದರಲ್ಲಿ ಅವುಗಳ ಅಚ್ಚು ಮತ್ತು ಬಾಲದ ತುದಿ ಮಾತ್ರ. "ಯಾವುದು ಬೇಕೋ ತಗೋ" ಎಂಬ ನಿನ್ನ ಮಾತು ಮುಗಿಯುವ ಮೊದಲೇ ನನ್ನ ಕೈ ತಲೆಯಿದ್ದ ಹೋಳಿನ ಮೇಲಿತ್ತು. ನೀನು ಏನೂ ಅನ್ನದೆ ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಟ್ಟೆ.

ಕಾಲೇಜಿನಲ್ಲಿ ಬಹುಮಾನ ಬಂದ ಆ ಪ್ರಾಜೆಕ್ಟಿನ ಲೆಕ್ಕವೆಲ್ಲ ನಿನ್ನದೆಂದೂ, ವೇದಿಕೆ ಹತ್ತಿದವನು ನಾನೆಂದೂ ಇಲ್ಲಿ ಎಷ್ಟು ಜನರಿಗೆ ಗೊತ್ತು? ನೀನು ಊರು ಬಿಟ್ಟ ರಾತ್ರಿ ವಿಮಾನ ನಿಲ್ದಾಣದಲ್ಲಿ ನಾನು ಅತ್ತದ್ದನ್ನು ನಮ್ಮ ಗುಂಪು ಇಂದಿಗೂ ಆಡಿಕೊಳ್ಳುತ್ತದೆ. ಅತ್ತದ್ದು ಸುಳ್ಳಲ್ಲ. ಆದರೆ ಹೆಬ್ಬಾಳದ ಹತ್ತಿರ ಬರುವಷ್ಟರಲ್ಲಿ, ಇನ್ನು ಮುಂದೆ ನನ್ನ ಪಕ್ಕದಲ್ಲಿ ನನಗಿಂತ ಚೆನ್ನಾಗಿ ಮಾಡುವವನೊಬ್ಬ ನಿಂತಿರುವುದಿಲ್ಲವಲ್ಲ ಎಂದು ಎದೆಯೊಳಗೆ ಏನೋ ಹಗುರವಾಗಿತ್ತು. ಇದನ್ನು ಬರೆಯಬೇಕೆಂದು ಕುಳಿತವನಲ್ಲ ನಾನು; ಕಲ್ಲಿನ ವಿಷಯ ಒಪ್ಪಿಸಿ ಮುಗಿಸುವುದಿತ್ತು.

ಇರಲಿ, ಕಾಫಿ ಆರಿಹೋಯಿತು. ಹುಡುಗಿಯ ಬಳಿ ನಿಜ ಹೇಳಿದ್ದೇನೆ. ಅವಳೀಗ ನನ್ನನ್ನು ಬಿಟ್ಟು ನಿನ್ನ ಅಭಿಮಾನಿಯಾಗಿದ್ದಾಳೆ, ಲಾಲ್‌ಬಾಗ್ ಬಂಡೆಯಲ್ಲೂ ಮೀನು ಹುಡುಕೋಣವೆಂದು ದುಂಬಾಲು ಬಿದ್ದಿದ್ದಾಳೆ. ಅದು 300 ಕೋಟಿ ವರ್ಷದ ಬಂಡೆ, ಭೂಮಿಯ ಮೇಲೆ ಮೀನು ಹುಟ್ಟುವುದಕ್ಕೆ ಸುಮಾರು 250 ಕೋಟಿ ವರ್ಷ ಮೊದಲೇ ಬೆಂದು ಗಟ್ಟಿಯಾದದ್ದು, ಮೇಲಾಗಿ ಸುತ್ತಿಗೆ ಹಿಡಿದು ಹೋದರೆ ಕಾವಲಿನವರು ನಮ್ಮಿಬ್ಬರನ್ನೂ ಕೂರಿಸಿಕೊಳ್ಳುತ್ತಾರೆ ಎಂದೆ. "ನಿಮ್ಮ ಫ್ರೆಂಡ್ ಬಂದಾಗ ಅವರನ್ನೇ ಕೇಳ್ತೀನಿ" ಎಂದಳು.

ನಿನ್ನ ಅರ್ಧದ ಫೋಟೋ ಒಂದನ್ನು ಕಳುಹಿಸು. ಪ್ರಿಂಟ್ ಹಾಕಿಸಿ ಷೋಕೇಸಿನಲ್ಲಿ ಇದರ ಪಕ್ಕಕ್ಕೇ ನಿಲ್ಲಿಸುತ್ತೇನೆ. ಅಳತೆ ತಿಳಿಯಲು ನಿನ್ನ ಹೆಬ್ಬೆರಳೂ ಕಾಣಲಿ. ನನ್ನದರ ಉಗುರು ಇನ್ನೂ ಬಂದಿಲ್ಲ.

ಇಂತಿ ನಿನ್ನ,
ಪೇಲಿಯೋಸ್ಪಾಂಡೈಲಸ್

ಮರೆತಿದ್ದೆ: ಗೊಜ್ಜವಲಕ್ಕಿಯ ವಿಚಾರವನ್ನು ದಯವಿಟ್ಟು ಇಲ್ಲಿ ಎತ್ತಬೇಡ. ಅಮ್ಮನೂ ಓದುತ್ತಾಳೆ.