ಸೀಸರನ ಯಜಮಾನ ಯಾರು? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

"ನಾಯಿಯ ತಳಿಯಲ್ಲಿ ದೋಷವಿಲ್ಲ, ದೋಷವೆಲ್ಲ ಸಾಕುವವರಲ್ಲಿ" ಎಂದು ನೀನು ನಮ್ಮ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಬರೆದಾಗ ಎಲ್ಲರೂ ಹೆಬ್ಬೆರಳು ಎತ್ತಿದರು, ನಾನೊಬ್ಬ ಸುಮ್ಮನಿದ್ದೆ. ನಿನ್ನ ಮಾತು ಸರಿಯೆಂದೇ ನನಗೂ ಅನಿಸುತ್ತದೆ. ಆದರೆ ಅದನ್ನು ಸರಿಯೆಂದು ಒಪ್ಪಿದವನು ಅಲ್ಲಿಗೇ ನಿಲ್ಲುವಂತಿಲ್ಲ, ಮುಂದಿನ ಮಾತನ್ನೂ ಆಡಬೇಕಾಗುತ್ತದೆ. ಆ ಮುಂದಿನ ಮಾತು ಎರಡು ಸಾಲಿನಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಈಗ ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನಾನು ಮಾವ, ಅತ್ತೆ ಎಂದು ಕರೆಯುವ ನಿನ್ನ ಅಪ್ಪ ಅಮ್ಮನ ಕಾವಲಿಗೆ ನೀನು ಸೀಸರ್ ಎಂಬ ರಾಟ್‌ವೀಲರ್ ನಾಯಿಯನ್ನು ಕಳುಹಿಸಿದೆಯಲ್ಲ, ಕುಂಬಳೆಯಿಂದ ಮುಳ್ಳೇರಿಯದವರೆಗೆ ನಮ್ಮ ಕಾಸರಗೋಡು ಸೀಮೆಯ ಎಷ್ಟೋ ತೋಟದ ಮನೆಗಳಲ್ಲಿ ಇದೇ ನಡೆಯುತ್ತಿದೆ. ಬೇಸರವಾದರೆ ಫೋನ್ ಮಾಡಿ ಬೈದುಬಿಡು. ಆ ಅಧಿಕಾರ ಎಂಟನೇ ಕ್ಲಾಸಿನ ಛತ್ರಿ ಪ್ರಕರಣದ ದಿನದಿಂದಲೇ ನಿನಗಿದೆ.

ನಿನ್ನ ಪಕ್ಷಕ್ಕೆ ಬಲ ಕೊಡುವ ಸಂಗತಿಗಳನ್ನು ಮೊದಲು ಹೇಳುತ್ತೇನೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಸ್ವಭಾವದ ಬಗ್ಗೆ ಅವುಗಳ ಮನೆಯವರಿಂದ ವಿವರ ಪಡೆದು, ಅವುಗಳಲ್ಲಿ 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಪರೀಕ್ಷಿಸಿದ್ದರು. ನಾಯಿ ನಾಯಿಗಳ ನಡುವೆ ನಡತೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದು ಅವರಿಗೆ ತಿಳಿದುಬಂತು. ಬ್ರಿಟನ್ನಿನಲ್ಲಿ 1991ರ ಕಾಯಿದೆ ಪಿಟ್‌ಬುಲ್, ಜಪಾನಿನ ಟೋಸಾ ಮೊದಲಾದ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ಮೂವತ್ತು ವರ್ಷ ಕಳೆದ ಮೇಲೆ ಆ ಪಟ್ಟಿಯಲ್ಲಿಲ್ಲದ ಎಕ್ಸ್‌ಎಲ್ ಬುಲ್ಲಿ ಎಂಬ ಇನ್ನೊಂದು ಬಗೆಯ ನಾಯಿ ಜನರನ್ನು ಕೊಲ್ಲತೊಡಗಿತು, 2024ರ ಫೆಬ್ರವರಿಯಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದನ್ನೂ ವಿನಾಯಿತಿ ಪತ್ರವಿಲ್ಲದೆ ಸಾಕುವಂತಿಲ್ಲವೆಂದಾಯಿತು. ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಮುಳಪ್ಪಿಲಂಗಾಡಿನಲ್ಲಿ 2023ರ ಜೂನ್‌ನಲ್ಲಿ ಹನ್ನೊಂದು ವರ್ಷದ ಹುಡುಗನನ್ನು ಕೊಂದವು ಬೀದಿನಾಯಿಗಳು. ಯಾವ ದೇಶದ ನಿಷೇಧದ ಪಟ್ಟಿಯಲ್ಲಿಯೂ ಅವುಗಳ ಹೆಸರಿಲ್ಲ. ಮಾತನಾಡಿ ತನ್ನ ಕಷ್ಟ ಹೇಳಲಾರದ ಆ ಮಗುವಿನ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

2024ರ ಮಾರ್ಚ್‌ನಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ 23 ತಳಿಗಳ ಆಮದು, ಮಾರಾಟ, ಸಂತಾನೋತ್ಪತ್ತಿಗಳನ್ನು ತಡೆಯಬೇಕೆಂದು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಗೊಳಿಸಿದಾಗ ನೀನು ಸಂತೋಷಪಟ್ಟು ಫೋನ್ ಮಾಡಿದ್ದು ನೆನಪಿದೆ. ಆ ಪಟ್ಟಿಯಲ್ಲಿ ರಾಟ್‌ವೀಲರ್ ಕೂಡ ಇತ್ತು. ಸೀಸರ್ ನಿಮ್ಮ ಮನೆಗೆ ಬಂದದ್ದು ಅದರ ಮರುವರ್ಷ.

ಹಾಗೆಂದು ತಳಿಗೆ ಅರ್ಥವೇ ಇಲ್ಲವೆಂದು ನಾನು ಹೇಳಲಾರೆ. ಇಂಗ್ಲೆಂಡಿನಲ್ಲಿ ಗೂಳಿಯ ಮೇಲೆ ನಾಯಿ ಬಿಟ್ಟು ನೋಡುವ ಆಟ 1835ರಲ್ಲಿ ನಿಷೇಧವಾದ ಮೇಲೆ ಜನ ಗುಟ್ಟಾಗಿ ನಾಯಿಗಳನ್ನೇ ಹೊಂಡಕ್ಕಿಳಿಸಿ ಕಾದಾಡಿಸಿದರು. ನೋವಾದರೂ ಹಿಡಿತ ಬಿಡದ ನಾಯಿಯನ್ನೇ ಆರಿಸಿ ಮರಿ ಮಾಡಿಸುತ್ತ ಹೋದ ಆ ಮನುಷ್ಯರ ಕೆಲಸವೇ ಇಂದಿನ ಪಿಟ್‌ಬುಲ್. ರಾಟ್‌ವೀಲರ್ ಜರ್ಮನಿಯ ರಾಟ್‌ವೈಲ್ ಪೇಟೆಯಲ್ಲಿ ಕಸಾಯಿಗಳ ದನಗಳನ್ನು ಅಟ್ಟಿಕೊಂಡು ಹೋಗುತ್ತ, ಗಾಡಿ ಎಳೆಯುತ್ತ ಬೆಳೆದ ನಾಯಿ. ಬೆಳೆದ ಗಂಡು ಸುಮಾರು ಐವತ್ತು ಕಿಲೋ ತೂಗುತ್ತದೆ, ಮಾವನ ತೂಕ ಅದಕ್ಕಿಂತ ಹೆಚ್ಚೇನೂ ಇಲ್ಲ. ನಮ್ಮ ಊರ ನಾಯಿ ಒಂಟಿಯಾಗಿದ್ದರೆ ಹಿಮ್ಮಡಿಗೆ ಹಲ್ಲು ತಾಗಿಸಿ ಓಡುತ್ತದೆ, ಇಂಜೆಕ್ಷನ್‌ನಲ್ಲಿ ಮುಗಿಯುತ್ತದೆ. ಐವತ್ತು ಕಿಲೋದ ನಾಯಿಗೆ ಅದೇ ಕ್ಷಣದ ಸಿಟ್ಟು ಬಂದರೆ ಮುಗಿಯುವ ರೀತಿಯೇ ಬೇರೆ. 2022ರ ಜುಲೈನಲ್ಲಿ ಲಖನೌದಲ್ಲಿ ಎಂಬತ್ತೆರಡು ವರ್ಷದ ತಾಯಿಯೊಬ್ಬರು ಮಗ ಸಾಕಿದ ಪಿಟ್‌ಬುಲ್ ಕಚ್ಚಿ ಸತ್ತರು. ಕಚ್ಚುವ ಸಂದರ್ಭ ಬರುವುದು ಬಾರದಿರುವುದು ಬಹುಪಾಲು ಸಾಕುವ ಕ್ರಮದಿಂದ. ಬಂದ ಮೇಲೆ ಏನಾಗುತ್ತದೆ ಎಂಬುದು ತಳಿಯಿಂದ. ಆದ್ದರಿಂದ ನಾಯಿ ಬಲಶಾಲಿಯಾದಷ್ಟೂ ಯಜಮಾನ ಅದರ ಹತ್ತಿರ ಇರಬೇಕು. ನನ್ನ ಆತಂಕ ಆರಂಭವಾಗುವುದೇ ಇಲ್ಲಿಂದ, ಏಕೆಂದರೆ ಸೀಸರನ ಯಜಮಾನ ಯಾರೆಂದು ಎಷ್ಟು ಯೋಚಿಸಿದರೂ ನನಗೆ ತಿಳಿಯುತ್ತಿಲ್ಲ.

ಹಣ ಕೊಟ್ಟವನು ನೀನು, ಬೆಂಗಳೂರಿನಲ್ಲಿದ್ದೀ. ಪಂಚಾಯತಿಯ ಲೈಸನ್ಸು ಮಾವನ ಹೆಸರಿನಲ್ಲಿದೆ. ಅನ್ನ ಹಾಕುತ್ತಿದ್ದುದು, ಗೂಡು ತೊಳೆಯುತ್ತಿದ್ದುದು, ತೋಟದ ಅಂಚಿನಲ್ಲಿ ನಡೆಸಿಕೊಂಡು ಹೋಗುತ್ತಿದ್ದುದು ತೋಟದ ಕೆಲಸಕ್ಕಿದ್ದ ಜಾರ್ಖಂಡಿನ ಹುಡುಗ. ಸೀಸರನಿಗೆ ಗೊತ್ತಿರುವ ಅಪ್ಪಣೆಗಳೆಲ್ಲ ಅವನ ಹಿಂದಿಯಲ್ಲಿವೆ. ಮನೆಯಲ್ಲಿ ಮದುವೆಯೆಂದು ಊರಿಗೆ ಹೋದ ಅವನು ತಿರುಗಿ ಬರಲಿಲ್ಲ. ಈಗ ಮಾವ ನಮ್ಮ ಮನೆಮಾತಿನಲ್ಲಿ "ಕೂರು" ಎಂದರೆ ಸೀಸರ್ ಮಾವನ ಮುಖ ನೋಡುತ್ತ ನಿಂತೇ ಇರುತ್ತಾನೆ. ನಾಯಿಮರಿ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದೊಳಗೆ ಯಾರನ್ನೆಲ್ಲ ಕಂಡು ಮೂಸಿ ಒಗ್ಗಿಕೊಳ್ಳುತ್ತದೋ ಅಂಥವರ ಬಗ್ಗೆ ಮುಂದೆ ಅದಕ್ಕೆ ಭಯ ಕಡಿಮೆ. ಆ ಪ್ರಾಯದಲ್ಲಿ ಸೀಸರ್ ಕಂಡದ್ದು ಮಾವ, ಅತ್ತೆ, ಆ ಹುಡುಗ ಈ ಮೂವರನ್ನು. ಮಕ್ಕಳನ್ನು ಅವನು ನೋಡಿಯೇ ಇಲ್ಲ, ಕೊಡೆ ಹಿಡಿದವರನ್ನು, ಅಡಕೆ ಕೊಯ್ಯಲು ಉದ್ದದ ದೋಟಿ ಹೊತ್ತು ಬರುವವರನ್ನು ನೋಡಿದ್ದು ದೊಡ್ಡವನಾದ ಮೇಲೆ, ಗೂಡಿನ ಕಂಬಿಗಳ ಎಡೆಯಿಂದ.

ಹಗಲು ಗೂಡು, ರಾತ್ರಿ ಅಂಗಳ. ನಮ್ಮಲ್ಲಿ ಹಿಂದಿನಿಂದಲೂ ನಾಯಿ ಸಾಕುವ ಕ್ರಮ ಇದೇ, ಕಾಡುಹಂದಿಯೂ ಕಳ್ಳರೂ ಬಾರದಿರಲೆಂದು. ಸದಾ ಕಟ್ಟಿ ಅಥವಾ ಕೂಡಿಹಾಕಿ ಸಾಕುವ ನಾಯಿಗೆ ತಕ್ಕಷ್ಟು ನಡೆದಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ ಅಪರಾಧ ಎಂಬುದು ಇಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಯಾರಾದರೂ ಬಂದಾಗ ಸೀಸರ್ ಗುರುಗುಟ್ಟಿದರೆ ಮಾವ ಬೆತ್ತದಿಂದ ಗೂಡಿಗೆ ಬಡಿಯುತ್ತಾರೆ, ಬಂದವರಿಗೆ ಅವಮಾನವಾಗಬಾರದೆಂಬ ಸೌಜನ್ಯ ಅವರದು. ಆದರೆ ಗುರುಗುಟ್ಟುವುದು ನಾಯಿ ಕೊಡುವ ಮುನ್ಸೂಚನೆ. ಅದನ್ನು ಬಡಿದು ಬಾಯಿ ಮುಚ್ಚಿಸಿದರೆ ಒಳಗಿನ ಭಯ ಹಾಗೆಯೇ ಇದ್ದು ಸೂಚನೆ ಮಾತ್ರ ಇಲ್ಲವಾಗುತ್ತದೆ. ಇತ್ತೀಚೆಗೆ ಸೀಸರ್ ಗುರುಗುಟ್ಟುವುದನ್ನು ನಿಲ್ಲಿಸಿದ್ದಾನೆ. ಮಾವ ಅದನ್ನು ಸುಧಾರಣೆ ಎಂದುಕೊಂಡಿದ್ದಾರೆ. ನನಗೆ ಅವನ ಆ ಮೌನವನ್ನು ಕಂಡರೇ ಹೆಚ್ಚು ಹೆದರಿಕೆ.

ನಾಳೆ ಏನಾದರೂ ಆದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಕೇಳುವುದು ಪ್ರಾಣಿ ಯಾರ ವಶದಲ್ಲಿತ್ತು, ಅವರು ಎಚ್ಚರ ವಹಿಸಿದ್ದರೇ ಎಂದು. ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಹಾಗೆ ಕೇಳಿದರೆ ಉತ್ತರ ಕೊಡಬೇಕಾದವರು ಎಂಬತ್ತು ದಾಟಿದ ನಿನ್ನ ಅಪ್ಪ. "ದೋಷವೆಲ್ಲ ಸಾಕುವವರಲ್ಲಿ" ಎಂಬ ನಿನ್ನ ಮಾತು ಹೋಗಿ ತಟ್ಟುವುದು ಯಾರಿಗೆ ಎಂದು ಒಮ್ಮೆ ಯೋಚಿಸು.

ನಿನಗೆ ಹೇಳದೆ ಇದ್ದ ಇನ್ನೊಂದು ಸಂಗತಿಯಿದೆ. ನಿಮ್ಮ ಮನೆಗೆ ಜನ ಬರುವುದು ಕಡಿಮೆಯಾಗಿದೆ. ಪ್ಲಾಸ್ಟಿಕ್ ಸಂಗ್ರಹಕ್ಕೆ ಬರುವ ಹರಿತ ಕರ್ಮ ಸೇನೆಯ ಹೆಂಗಸರು ಈಗ ಚೀಲವನ್ನು ರಸ್ತೆ ಬದಿಗೆ ತಂದಿಡಲು ಹೇಳಿದ್ದಾರೆ. ತೋಟದ ನಡುವಿನ ಕಾಲುದಾರಿಯಲ್ಲಿ ಹೋಗುತ್ತಿದ್ದವರೆಲ್ಲ ಗುಡ್ಡೆಯ ಸುತ್ತು ಹಾಕುತ್ತಾರೆ. ನಾನೂ ಕಡಿಮೆ ಮಾಡಿದ್ದೇನೆ. ಗೇಟಿನ ಹೊರಗೆ ನಿಂತು ಫೋನ್ ಮಾಡಿ, ಅತ್ತೆ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಅವನನ್ನು ಗೂಡಿಗೆ ಸೇರಿಸುವವರೆಗೆ ಕಾಯುವುದು ನನಗೆ ನೋಡಲಾಗುವುದಿಲ್ಲ. ಸಂಜೆಯ ಹೊತ್ತು ಮಾವನ ಜೊತೆ ಜಗಲಿಯಲ್ಲಿ ಕುಳಿತು ಅಡಕೆಯ ರೇಟು, ತಾಳಮದ್ದಳೆ ಎಂದು ಮಾತನಾಡುತ್ತಿದ್ದ ದಿನಗಳು ಹಾಗೆಯೇ ತಪ್ಪಿಹೋದವು. ಒಂಟಿ ಮುದುಕರಿಗೆ ರಕ್ಷಣೆಯಾಗಲೆಂದು ನೀನು ಕಳುಹಿಸಿದ ನಾಯಿ ಕಳ್ಳರ ಜೊತೆಗೆ ನಮ್ಮನ್ನೂ ದೂರ ಇರಿಸಿದೆ, ಅವರು ಮೊದಲಿಗಿಂತ ಒಂಟಿಯಾಗಿದ್ದಾರೆ. ಇದರಲ್ಲಿ ಸೀಸರನ ತಪ್ಪು ಎಳ್ಳಷ್ಟೂ ಇಲ್ಲ. ಅತ್ತೆ ಅಡಕೆ ಸುಲಿಯುವಾಗ ಅವರ ಪಾದದ ಮೇಲೆ ಗಲ್ಲವಿಟ್ಟು ಮಲಗುವ ಪ್ರಾಣಿ ಅದು.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯದೆ ಇರಲಾರೆ. ಕಳೆದ ತಿಂಗಳು ನನ್ನ ಮಗಳು ಫೋನಿನಲ್ಲಿ, "ಅಪ್ಪಾ, ನಿಮಗಿಬ್ಬರಿಗೂ ಒಂದು ಒಳ್ಳೆಯ ನಾಯಿ ಕಳುಹಿಸಲೇ?" ಎಂದು ಕೇಳಿದಳು. ನನ್ನ ಮನಸ್ಸು ತಕ್ಷಣ ಹೌದೆಂದಿತು. ಕಾವಲಿನ ಯೋಚನೆ ನನ್ನಲ್ಲಿರಲಿಲ್ಲ. ಮನೆಯೊಳಗೆ ಇನ್ನೊಂದು ಜೀವ ಓಡಾಡುವ ಸದ್ದು ಬೇಕೆನಿಸಿತ್ತು, ಮಗಳು ಕಳುಹಿಸಿದ್ದೆಂಬ ಕಾರಣಕ್ಕೆ ಅದು ಇನ್ನೂ ಹೆಚ್ಚು ಬೇಕೆನಿಸಿತ್ತು. ಮಾವನೂ ನಿನಗೆ ಬೇಡವೆನ್ನದೆ ಇದ್ದದ್ದು ಇದಕ್ಕಾಗಿಯೇ ಇರಬೇಕು. ನಮ್ಮ ತರಗತಿಯವರಲ್ಲಿ ಊರಿನಲ್ಲಿ ಉಳಿದವರು ಬೆರಳೆಣಿಕೆಯಷ್ಟು ಜನ. ನಾನು ಮಾವನ ಪ್ರಾಯಕ್ಕೆ ಬಂದಾಗ ನಮ್ಮ ಗೇಟಿನ ಹೊರಗೆ ನಿಂತು ಫೋನ್ ಮಾಡುವವರು ಯಾರಿರುತ್ತಾರೆ ಎಂಬ ಪ್ರಶ್ನೆ ಈಗ ರಾತ್ರಿ ಸೀಸರ್ ಬೊಗಳಿದಾಗಲೆಲ್ಲ ಎದ್ದು ಕೂರಿಸುತ್ತದೆ.

ಇರಲಿ, ಇದನ್ನು ಇಷ್ಟು ದೂರ ಎಳೆಯುವ ಉದ್ದೇಶ ನನಗಿರಲಿಲ್ಲ. ಸೀಸರನನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು ಎಂದು ನಾನು ಹೇಳುತ್ತಿಲ್ಲ, ಕೊಟ್ಟರೆ ಇದೇ ತೊಂದರೆ ಇನ್ನೊಂದು ಗೂಡಿಗೆ ಹೋಗುತ್ತದೆ ಅಷ್ಟೆ. ಜನವರಿಯಲ್ಲಿ ಕುಂಬಳೆ ದೇವಸ್ಥಾನದ ಜಾತ್ರೆ, ನಮ್ಮ ಕುಂಬಳೆ ಆಯನ, ಆರಂಭವಾಗುವ ಮೊದಲು ಬಾ, ಬೆಡಿಯ, ಅಂದರೆ ಸಿಡಿಮದ್ದಿನ, ಸದ್ದಿನ ರಾತ್ರಿ ಅವನ ಪಕ್ಕದಲ್ಲಿ ಕೂರುವವರು ಬೇಕು. ಬಂದವನು ಒಂದು ತಿಂಗಳಾದರೂ ನಿಲ್ಲು; ನಿನ್ನ ಕೆಲಸ ಲ್ಯಾಪ್‌ಟಾಪಿನದು, ಇಂಟರ್ನೆಟ್ ನಮ್ಮಲ್ಲೂ ಇದೆ. ಬೆಳಗ್ಗೆ ಬಾಯಿಗೆ ಜಾಲರಿ ಹಾಕಿ ಅವನನ್ನು ತೋಟದುದ್ದಕ್ಕೂ ನಡೆಸೋಣ, ಗೇಟಿನ ಒಳಗೆ ಇನ್ನೊಂದು ಗೇಟು ಮಾಡಿಸೋಣ, ಮಾವನ ಕೈಯಿಂದ ಬೆತ್ತ ತೆಗೆದು ಬಿಸ್ಕೆಟ್ ಕೊಡೋಣ. ನಾನು ದಿನಾ ಬರುತ್ತೇನೆ, ಅವನು ನನ್ನನ್ನು ಒಪ್ಪಿಕೊಳ್ಳುವವರೆಗೆ. ಆದರೂ ಸರಿಹೋಗದಿದ್ದರೆ ಅವನನ್ನು ನಿನ್ನ ಜೊತೆ ಕರೆದುಕೊಂಡು ಹೋಗು, ಬೆಂಗಳೂರಿನಲ್ಲಿ ಕಲಿಸುವವರೂ ಇದ್ದಾರೆ, ನೀನೂ ಇದ್ದೀ. ಮುಂದಿನ ರೇಬೀಸ್ ಲಸಿಕೆಯ ತಾರೀಕು ಬರೆದ ಕಾರ್ಡು ನನ್ನಲ್ಲಿದೆ. ಅದು ಮಲಯಾಳದಲ್ಲಿರುವುದರಿಂದ ಮಾವ ನನ್ನ ಕೈಗೆ ಕೊಟ್ಟಿದ್ದಾರೆ.

ಬರುವ ದಿನ ತಿಳಿಸಿದರೆ ಮಂಗಳೂರಿನಿಂದ ನಾನೇ ಕರೆದುಕೊಂಡು ಬರುತ್ತೇನೆ. ದಾರಿಯಲ್ಲಿ ಛತ್ರಿಯ ವಿಷಯ ಎತ್ತುವುದಿಲ್ಲವೆಂದು ಮಾತು ಕೊಡುತ್ತೇನೆ, ಉಪ್ಪಳ ದಾಟುವವರೆಗೆ ಮಾತ್ರ.

ಇಂತು ನಿನ್ನವನೇ,
ತೋಟದ ಆಚೆ ಬದಿಯವನು