ಒಂದು ವರ್ಷ ಆಯಿತು, ಥ್ಯಾಂಕ್ಸ್ ಹೇಳೋದಿದೆ

ಶುಗರ್ ಕಾಯಿಲೆ ಇರುವ ನಮ್ಮನೆಯವರಿಗೆ ಹಾರ್ಟಿನ ರಕ್ತನಾಳದಲ್ಲಿ ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿ ಮೊನ್ನೆಗೆ ವರ್ಷ ತುಂಬಿತು. ರಕ್ತ ಹೆಪ್ಪುಗಟ್ಟದಂತೆ ಕೊಡುತ್ತಿದ್ದ ಎರಡು ಗುಳಿಗೆಗಳಲ್ಲಿ ಒಂದನ್ನು ಡಾಕ್ಟರು ನಿಲ್ಲಿಸಿದ್ದಾರೆ. ಆಸ್ಪಿರಿನ್ ಮಾತ್ರ ಮುಂದುವರಿಯುತ್ತದೆ.

ಮೊದಲ ಥ್ಯಾಂಕ್ಸ್ ಆಂಬುಲೆನ್ಸ್ ಹುಡುಗರಿಗೆ. ಮಳೆಗಾಲದ ರಾತ್ರಿ ಅಂಕೋಲಾದಿಂದ ಮಣಿಪಾಲ ಮುಟ್ಟೋದು ಅಂದ್ರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ಆಮೇಲೆ ವಾರ್ಡಿನ ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮನಿಗೆ. "ಮೂರು ತಿಂಗಳ ಸರಾಸರಿ ಶುಗರ್ 7ರ ಒಳಗೇ ಇತ್ತಲ್ಲಮ್ಮ, ಮತ್ಯಾಕೆ ಹೀಗಾಯ್ತು?" ಅಂತ ಕೇಳಿದ್ದೆ. ಅವರು ಹಳೇ ಲ್ಯಾಬ್ ಚೀಟಿ ತಗೊಂಡು ಮಂಚದ ಅಂಚಲ್ಲೇ ಕೂತರು. ರಕ್ತದ ಕೊಬ್ಬು ಟ್ರೈಗ್ಲಿಸರೈಡ್ 280, ಅದು ಜಾಸ್ತಿ; ಒಳ್ಳೆ ಕೊಲೆಸ್ಟ್ರಾಲ್ ಎಚ್‌ಡಿಎಲ್ 32, ಅದು ಕಮ್ಮಿ. ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ 112, ಅದಕ್ಕೆ ಲ್ಯಾಬಿನವರು ಹೆಚ್ಚು ಅಂತ ಹಾಕುವ ಸ್ಟಾರ್ ಗುರುತೂ ಇರಲಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಎಲ್‌ಡಿಎಲ್ ಲೆಕ್ಕಕ್ಕೆ ಸಾಧಾರಣ ಕಂಡರೂ ಕಣಗಳು ಸಣ್ಣ, ಒತ್ತೊತ್ತು. ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಗ್ಗುತ್ತವಂತೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ ಕಣಗಳೂ ಬೇಗ ಅಂಟಿಕೊಳ್ಳುತ್ತವೆ, ಕಟ್ಟಿದ ಹೆಪ್ಪು ಬೇಗ ಕರಗೋದಿಲ್ಲ. ಶುಗರ್ ಒಂದನ್ನೇ ಕಾಯ್ದರೆ ಸಾಲದು ಅಂತ ನನಗೆ ಅರ್ಥವಾದದ್ದು ಅಲ್ಲಿ. ಚೀಟಿಯ ಮೇಲೆ ಪೆನ್ನಿನಲ್ಲಿ "ಎಲ್‌ಡಿಎಲ್ 55ರ ಕೆಳಗೆ" ಅಂತ ಬರೆದು ಕೊಟ್ಟರು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಯಿಂದ ಈಗ 52ಕ್ಕೆ ಬಂದಿದೆ.

ನಮ್ಮೂರ ಹಲ್ಲಿನ ಡಾಕ್ಟರಿಗೂ ದೊಡ್ಡ ಥ್ಯಾಂಕ್ಸ್. ನಡುವೆ ಇವರಿಗೆ ದವಡೆ ಹಲ್ಲು ಕೀಳಿಸಬೇಕಾಯ್ತು. "ಗುಳಿಗೆ ನಾಲ್ಕು ದಿನ ಬಿಟ್ಟು ಬನ್ನಿ" ಅಂತ ಅಕ್ಕಪಕ್ಕದವರೆಲ್ಲ ಸಲಹೆ ಕೊಟ್ಟದ್ದೇ ಕೊಟ್ಟದ್ದು. ಈ ಪುಣ್ಯಾತ್ಮರು ಮೊದಲು ಹಾರ್ಟ್ ಡಾಕ್ಟರಿಗೆ ಫೋನ್ ಹಚ್ಚಿದರು. ಹೊಸ ಸ್ಟೆಂಟ್ ಇರುವಾಗ ಗುಳಿಗೆ ಬಿಟ್ಟರೆ ಅದರೊಳಗೇ ಹೆಪ್ಪುಗಟ್ಟಬಹುದು. ಒಂದು ಹೊತ್ತೂ ತಪ್ಪಿಸದೆ ಹಲ್ಲು ಕಿತ್ತು, ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ, ರಕ್ತ ನಿಲ್ಲೋವರೆಗೆ ಕೂರಿಸಿಕೊಂಡರು. ಹೊರಗೆ ಪೇಶೆಂಟುಗಳ ಸಾಲು ಬೆಳೀತಾ ಇತ್ತು, ಪಾಪ.

ಊಟ ತಂದವರು, ಸಾಲ ಕೊಟ್ಟು ಕೇಳದೇ ಇರುವವರು, ನಿಮಗೆಲ್ಲ ಮನೆಗೇ ಬಂದು ಹೇಳ್ತೇನೆ. ಒಂದೇ ಮಾತು: ಇವರು ತಗೊಳ್ತಾರೆ ಅಂತ ಸುಮ್ನೆ ನೀವೂ ಆಸ್ಪಿರಿನ್ ಶುರು ಮಾಡಬೇಡಿ. ಹಾರ್ಟಿನ ತೊಂದರೆ ಬಾರದ ಶುಗರ್ ಪೇಶೆಂಟುಗಳಲ್ಲಿ ಅದರ ಲಾಭದ ಬಹುಪಾಲನ್ನು ರಕ್ತಸ್ರಾವವೇ ತಿಂದುಹಾಕಿತು ಅಂತ 2018ರ ದೊಡ್ಡ ಬ್ರಿಟಿಷ್ ಅಧ್ಯಯನವೊಂದು ತೋರಿಸಿದೆ. ನಿಮ್ಮ ಡಾಕ್ಟರನ್ನೇ ಕೇಳಿ.

ಮುಂದಿನ ಲಿಪಿಡ್ (ಕೊಲೆಸ್ಟ್ರಾಲ್) ಟೆಸ್ಟ್ ದೀಪಾವಳಿ ಕಳೆದ ಮೇಲೆ. ಹಬ್ಬಕ್ಕೆ ಮುಂಚೆಯೇ ಮಾಡಿಸಿಬಿಡೋಣ ಅಂತ ನಮ್ಮನೆಯವರ ವಾದ.